ಕೆಸರಿಗೆ ಹಾಸಿದ ಚಿತ್ರಗಳು

ಅಜ್ಜಂಪುರದ ಹತ್ತಿರದ ಒಂದು ಹೈಸ್ಕೂಲಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಹೋದ ವರ್ಷ ನನ್ನನ್ನು ಆರು ತಿಂಗಳು ಕಡೂರಿನ ಆಫೀಸಿಗೆ ಡೆಪ್ಯುಟೇಶನ್ ಹಾಕಿದರು. ಬ್ರಷ್ ಹಿಡಿಯೋ ಕೈಯಲ್ಲಿ ಮಕ್ಕಳ ಆಧಾರ್ ನಂಬರನ್ನು ಕಂಪ್ಯೂಟರಿಗೆ ತುಂಬಿಸಿದೆ.

ವಾಪಸ್ ಬಂದ ದಿನ ಜಿಟಿಜಿಟಿ ಮಳೆ. ಗೇಟಿನಿಂದ ಆಫೀಸ್ ರೂಮಿನವರೆಗೆ ಕೆಸರು. ಅದರ ಮೇಲೆ ಸಾಲಾಗಿ, ನಾನು ಸುತ್ತಿಟ್ಟು ಹೋಗಿದ್ದ ಕ್ಯಾನ್‌ವಾಸುಗಳು. ಫ್ರಾನ್ಸಿನ ಇಂಪ್ರೆಷನಿಸ್ಟ್ ಪೇಂಟರುಗಳ ಥರ ಬಯಲಲ್ಲೇ ಕೂತು ಬರೆಯಬೇಕು ಅಂತ ಹಠ ಹಿಡಿದು, ಭಾನುವಾರಗಳೆಲ್ಲ ಅಮೃತಾಪುರದ ಹಳೇ ದೇವಸ್ಥಾನದೆದುರು ಬರೆದ ಎಂಟು ಚಿತ್ರ. ನಾನು ಬರೆದ ಕಂಬಗಳ ಮೇಲೆಲ್ಲ ಚಪ್ಪಲಿ ಗುರುತು.

"ಯಾರು ಮಾಡಿದ್ದು ಇದನ್ನ?" ಗೇಟಿನಿಂದಲೇ ಕೂಗಿದೆ.

ಜವಾನ ರುದ್ರಣ್ಣ ಕೊಡೆ ಹಿಡಿದು ಬಂದ. "ನಾನೇ ಸಾರ್. ಇನ್‌ಸ್ಪೆಕ್ಷನ್ನಿಗೆ ಸಾಹೇಬ್ರು ಬಂದಿದ್ರು. ಏನಾದ್ರೂ ಹಾಸೋ ಅಂದ್ರು ಹೆಡ್‌ಮೇಷ್ಟ್ರು."

"ಬಿಸಿಯೂಟದ ಗೋಣಿಚೀಲ ಇರಲಿಲ್ವೇನಯ್ಯಾ?"

"ಗೋಣಿ ನೀರು ಕುಡೀತದೆ ಸಾರ್. ನೀವೇ ಒಂಬತ್ತನೇ ಕ್ಲಾಸಲ್ಲಿ ಹೇಳ್ತಿದ್ರಲ್ಲ, ಬಾಗಿಲಲ್ಲಿ ನಿಂತು ಕೇಳಿದ್ದೆ. ಫ್ರಾನ್ಸಿನ ಪೇಂಟರೊಬ್ಬ ಯುದ್ಧ ಬಂತು ಅಂತ ಲಂಡನ್ನಿಗೆ ಓಡಿಹೋದ, ಅವನ ಮನೆ ಹೊಕ್ಕ ಸೈನಿಕರು ಚಿತ್ರಗಳನ್ನ ಕೆಸರಿಗೆ ಹಾಸ್ಕೊಂಡು ಓಡಾಡಿದ್ರು ಅಂತ. ಆಯಿಲ್ ಪೇಂಟು ಗಟ್ಟಿ ಮಾಲು ಅಂತ ಅವತ್ತೇ ಅಂದ್ಕೊಂಡೆ."

ಆ ಕಥೆ ನಾನು ಹೇಳಿದ್ದು ಆ ಪೇಂಟರನ ನಷ್ಟ ಮಕ್ಕಳಿಗೆ ತಿಳಿಯಲಿ ಅಂತ. ಪರದೇಶದ ಮಂಜು ಬರೆಯುತ್ತಾ ದಿನ ದೂಡಿದವನು ಊರಿಗೆ ಮರಳುವಷ್ಟರಲ್ಲಿ ಅರ್ಧ ಆಯಸ್ಸಿನ ದುಡಿಮೆ ಬೂಟಿನಡಿ ಹೋಗಿತ್ತು. ಅವನದನ್ನು ತುಳಿದವರು ಶತ್ರುಗಳಾದರೂ ಹೌದು, ನನ್ನದನ್ನು ತುಳಿದದ್ದು ನಮ್ಮ ಸ್ಕೂಲಿನವರೇ.

ಎಂಟನ್ನೂ ನಲ್ಲಿ ಕೆಳಗೆ ಹಿಡಿದು ತೊಳೆದೆ. ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಇಷ್ಟು ವರ್ಷದ ಸರ್ವೀಸಿನಲ್ಲಿ ನನ್ನ ಪಾಠವನ್ನು ಮನಸ್ಸಿಟ್ಟು ಕೇಳಿ, ನೆನಪಿಟ್ಟುಕೊಂಡು, ಕೆಲಸಕ್ಕೆ ಬಳಸಿಕೊಂಡವನು ರುದ್ರಣ್ಣ ಒಬ್ಬನೇ.