ಸೌಡಿ ತಾತನ ಕಂಪ್ಯೂಟರ್ ಸರದಿ

ಹೋದ ವಾರ ಗ್ರಂಥಾಲಯದ ಹಳೆಯ ಕೀಬೋರ್ಡನ್ನು ತಲೆಕೆಳಗು ಮಾಡಿ, ಮೇಜಿನ ಮೇಲೆ ಹಾಸಿದ ಪೇಪರಿಗೆ ತಟ್ಟಿದೆ. ಕೂದಲು, ಬಿಸ್ಕತ್ತಿನ ಪುಡಿ, ಪೆನ್ಸಿಲ್ ಹೆರೆದ ಚೂರು ಎಲ್ಲ ಉದುರಿದವು. ಜೊತೆಗೆ ಚಿಟಿಕೆಯಷ್ಟು ಕಡ್ಡಿಪುಡಿಯೂ ಉದುರಿತು. ಮೂಗಿನ ಹತ್ತಿರ ಹಿಡಿದೆ. ಆ ಹೊಗೆಸೊಪ್ಪಿನ ಘಾಟು ಇನ್ನೂ ಹೋಗಿರಲಿಲ್ಲ. ಒಂದು ಸಲ ಸೀನಿದೆ. ನಮ್ಮ ಗ್ರಂಥಾಲಯದಲ್ಲಿ ಕಡ್ಡಿಪುಡಿ ತಿಕ್ಕಿದ ಕೈಯಲ್ಲಿ ಕಂಪ್ಯೂಟರ್ ಮುಟ್ಟುತ್ತಿದ್ದವರು ಒಬ್ಬರೇ...

ಅವರನ್ನು ಊರೆಲ್ಲ ಸೌಡಿ ತಾತ ಎನ್ನುತ್ತಿತ್ತು. ನಾಲೆಯ ತೂಬು ಎತ್ತಿ ಇಳಿಸಿ, ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಂಚುವವರಿಗೆ ನಮ್ಮ ಕಡೆ ಸೌಡಿ ಎಂದು ಹೆಸರು. ಅರಕೆರೆ ಪಕ್ಕದ ಈ ಊರಿನ ಪಂಚಾಯ್ತಿ ಗ್ರಂಥಾಲಯಕ್ಕೆ ನಾನು ಮೇಲ್ವಿಚಾರಕಿಯಾಗಿ ಬರುವ ಹೊತ್ತಿಗೆ ಅವರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಕೆಲಸ ಹೋದರೂ ಹೆಸರು ಹೋಗಿರಲಿಲ್ಲ. ಬಸ್‌ಸ್ಟಾಂಡಿನಲ್ಲಿ, ಹಾಲಿನ ಡೇರಿಯಲ್ಲಿ, ಎಲ್ಲಿ ಸಿಕ್ಕರೂ ಜನ ಕೇಳುತ್ತಿದ್ದುದು ಒಂದೇ ಮಾತು: "ತಾತ, ಕಟ್ಟೇಲಿ ಎಷ್ಟ್ ನೀರದೆ?" ಕಟ್ಟೆ ಎಂದರೆ ಕನ್ನಂಬಾಡಿ ಕಟ್ಟೆ. ನಮ್ಮ ಗದ್ದೆಗಳ ಹಣೆಬರಹ ಅಲ್ಲಿಂದಲೇ ಹರಿದು ಬರಬೇಕು.

ಆ ಮಾತಿಗೆ ಉತ್ತರ ಹುಡುಕಿಕೊಂಡೇ ಅವರು ದಿನಾ ಬೆಳಿಗ್ಗೆ ಗ್ರಂಥಾಲಯಕ್ಕೆ ಬರುತ್ತಿದ್ದರು. ಪೇಪರಿನ ಅಕ್ಷರ ಅವರ ಕಣ್ಣಿಗೆ ಇರುವೆ ಸಾಲು. ಮೊಬೈಲನ್ನಂತೂ ನಂಬುತ್ತಿರಲಿಲ್ಲ. "ವಾಟ್ಸಾಪಲ್ಲಿ ಓದ್ವರ್ಸದ್ ನೀರ್ನ ಈ ವರ್ಸ ಬುಡ್ತಾರೆ ಕಣವ್ವ" ಎನ್ನುತ್ತಿದ್ದರು. ನಾನು ಓದಿ ಹೇಳುತ್ತೇನೆಂದರೂ ಒಪ್ಪಲಿಲ್ಲ. ತಾವು ಕಣ್ಣಾರೆ ಕಾಣದ ನೀರಿನ ವಿಷಯವನ್ನು ಇನ್ನೊಬ್ಬರಿಗೆ ಹೇಳಿ ಅವರಿಗೆ ಅಭ್ಯಾಸವೇ ಇರಲಿಲ್ಲ. ಕೊನೆಗೆ ಕಂಪ್ಯೂಟರ್ ಪರದೆಯ ರೆಸಲ್ಯೂಷನ್ ಇಳಿಸುವುದನ್ನು ನಾನೇ ಕಲಿಸಿದೆ. ಅದನ್ನು ಇಳಿಸಿದರೆ ಅಕ್ಷರಗಳೆಲ್ಲ ಗಜಗಾತ್ರವಾಗುತ್ತಿದ್ದವು. ತಾತ ಮೌಸನ್ನು ಎಲ್ಲಿ ಓಡಿಹೋಗುತ್ತದೋ ಎನ್ನುವಂತೆ ಬಿಗಿಯಾಗಿ ಹಿಡಿದು, ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು ಎಲ್ಲವನ್ನೂ ತುಟಿಯಲ್ಲೇ ಓದಿಕೊಳ್ಳುತ್ತಿದ್ದರು. ಆಮೇಲೆ ಹೊರಗೆ ಜಗಲಿಗೆ ಹೋಗಿ ಕುಳಿತರೆ ಯಾವ ಮಂತ್ರಿಗೂ ಆ ಗತ್ತು ಬಾರದು. ಕಾದಿದ್ದವರಿಗೆ ಮಟ್ಟವನ್ನೂ ಹೇಳುತ್ತಿದ್ದರು, ಒಟ್ಲು ಬಿಡಬಹುದೋ, ಅಂದರೆ ಭತ್ತದ ಸಸಿಮಡಿಗೆ ಬೀಜ ಚೆಲ್ಲಬಹುದೋ, ಇನ್ನೂ ಕಾಯಬೇಕೋ ಎನ್ನುವುದನ್ನೂ ಹೇಳುತ್ತಿದ್ದರು.

ತೊಂದರೆ ಏನೆಂದರೆ, ಆಗ ಇದ್ದದ್ದು ಒಂದೇ ಕಂಪ್ಯೂಟರ್. ತಾತ ಎದ್ದು ಹೋದ ಮೇಲೆ ಕೂತವರಿಗೆ ಎಲ್ಲವೂ ಊದಿಕೊಂಡು ಕಾಣುತ್ತಿತ್ತು. ಅವರು ಗೊಣಗಿಕೊಂಡು ಸರಿ ಮಾಡುತ್ತಿದ್ದರು, ಮಾರನೆಯ ದಿನ ತಾತ ಬಂದು ಮತ್ತೆ ಇಳಿಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಹೆಸರಿನಲ್ಲಿ ಯೂಸರ್ ಮಾಡಿಕೊಟ್ಟೆ. ಆ ಹಳೇ ಮಿಷನ್ನು ಅದಕ್ಕೂ ಬಗ್ಗಲಿಲ್ಲ. ಯಾರ ಹೆಸರಿನಲ್ಲಿ ಬದಲಾಯಿಸಿದರೂ ಪರದೆ ಎಲ್ಲರಿಗೂ ಬದಲಾಗುತ್ತಿತ್ತು. 'ಏಳುವ ಮುಂಚೆ ಮೊದಲಿನಂತೆ ಮಾಡಿ' ಎಂದು ಚೀಟಿ ಬರೆದು ಅಂಟಿಸಿದೆ. ಆ ಚೀಟಿಯ ಅಕ್ಷರ ತಾತನ ಕಣ್ಣಿಗೆ ಕಾಣಬೇಕಲ್ಲ! ಗೊಣಗಾಟ ಹಾಗೇ ನಡೆದುಕೊಂಡು ಹೋಯಿತು.

ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ದಿನಾ ಬರುತ್ತಿದ್ದಳು. ಅರ್ಜಿ ಹಾಕುವ ಕೊನೆಯ ದಿನ ತಾತ ಎದ್ದ ಕೂಡಲೇ ಅವಳು ಕುಳಿತಳು. ನಾನು ಪಂಚಾಯ್ತಿ ಆಫೀಸಿಗೆ ಹೋಗಿದ್ದೆ. ಎಲ್ಲ ತುಂಬಿದ ಮೇಲೆ ಅರ್ಜಿ ಕಳಿಸುವ ಬಟನ್ನೇ ಕಾಣದು. ಪರದೆಯ ಕೆಳಗೆ ಎಲ್ಲೋ ಇಳಿದುಹೋಗಿ, ಎಳೆದರೂ ಮೇಲೆ ಬರಲಿಲ್ಲವಂತೆ. ಗಾಬರಿಯಲ್ಲಿ ಪರದೆ ಸರಿ ಮಾಡುವುದೂ ಅವಳಿಗೆ ಹೊಳೆಯಲಿಲ್ಲ. ಅಳುತ್ತಾ ಬಸ್ಸು ಹಿಡಿದು ಶ್ರೀರಂಗಪಟ್ಟಣಕ್ಕೆ ಓಡಿ, ಅಲ್ಲಿ ಹೇಗೋ ಕಳಿಸಿದಳು. ಸಂಜೆ ಅವಳಪ್ಪ ಬಂದು ಜಗಲಿಯಲ್ಲಿದ್ದ ತಾತನ ಎದುರಿಗೇ ಹೇಳಿದ: "ಓದೋ ಮಕ್ಳು ಹೊಟ್ಟೆ ಮೇಲ್ ಒಡೀಬೇಡ ತಾತ. ಈ ವಯಸ್ನಲ್ಲಿ ನಿಂಗ್ಯಾಕೆ ಕಂಪ್ಯೂಟ್ರು?"

ತಾತನಿಗೆ ಸಿಟ್ಟು ಬರುತ್ತದೆಂದು ನಾನು ಹೆದರಿದ್ದೆ. ಅವರು ನನ್ನ ಕಡೆ ತಿರುಗಿ ಏನಾಯಿತೆಂದು ಮೆಲ್ಲಗೆ ಕೇಳಿದರು. ಬಟನ್ನು ಕೆಳಗೆ ಉಳಿದುಹೋದದ್ದನ್ನು ಹೇಳಿದೆ.

"ಅಂದ್ರೆ ಕೊನೇಗ್ ಮುಟ್ನಿಲ್ಲ ಅನ್ನು" ಎಂದರು.

ಅಷ್ಟೇ. ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದು ಹೋದರು. ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಮುಟ್ಟಲಿಲ್ಲ ಎನ್ನುವುದಕ್ಕಿಂತ ದೊಡ್ಡ ಬೈಗುಳ ಸೌಡಿಗಿಲ್ಲ. ಮೇಲಿನ ಗದ್ದೆಯವರು ಎಷ್ಟೇ ಕೂಗಾಡಲಿ, ತಾತ ಮೊದಲು ಕೊನೆ ಬಯಲಿನವರೆಗೆ ನಡೆದು ಹೋಗಿ, ಅಲ್ಲಿ ಮಣ್ಣು ನೆಂದದ್ದನ್ನು ನೋಡಿಯೇ ವಾಪಸು ಬಂದು ಮೇಲಿನ ತೂಬು ಎತ್ತುತ್ತಿದ್ದರಂತೆ. ಇದು ಊರಿನ ಹಳಬರೆಲ್ಲ ಹೇಳುವ ಮಾತು. ಅಂಥವರ ಸರದಿಯಲ್ಲಿ ಒಂದು ಹುಡುಗಿಗೆ ಮುಟ್ಟಲಿಲ್ಲ...

ಮಾರನೆಯ ದಿನದಿಂದ ತಾತ ಬರಲಿಲ್ಲ. ಬಸ್‌ಸ್ಟಾಂಡಿನಲ್ಲೂ ಕಾಣಲಿಲ್ಲ. ಜನ ಕಟ್ಟೆಯ ನೀರು ಕೇಳಿದರೆ ಏನು ಹೇಳುವುದೆಂದು ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದ್ದಾರೆಂದು ಸೊಸೆ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಆ ಕಂಪ್ಯೂಟರಿನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಶ್ರೀರಂಗಪಟ್ಟಣದ ರಿಪೇರಿ ಅಂಗಡಿಯವನ ಮುಂದೆ ಹೋಗಿ ಕೂತೆ. ಅವನು ಎಲ್ಲ ಕೇಳಿ ನಕ್ಕ. "ಪರದೆಗೆ ಯಾಕ್ ಕೈ ಆಕ್ತೀರಿ ಮೇಡಂ? ಅದು ಎಲ್ರಿಗೂ ಒಂದೇ ಇರ್ಲಿ. ಅವ್ರ್ ಯೂಸರ್‌ನಲ್ಲಿ ಇಂಟರ್‌ನೆಟ್ ಪುಟದ್ ಅಕ್ಷರ ಮಾತ್ರ ದೊಡ್ದು ಮಾಡಿ" ಎಂದು ತೋರಿಸಿಕೊಟ್ಟ. ಇಷ್ಟಕ್ಕೆ ಊರೆಲ್ಲ ರಂಪವಾಗಿತ್ತು. ಬಂದು ಹಾಗೇ ಮಾಡಿದೆ. ತಾತನ ಯೂಸರ್ ತೆರೆದರೆ ಮಾತ್ರ ಅಕ್ಷರ ದೊಡ್ಡದು, ಮುಚ್ಚಿದರೆ ಬೇರೆಯವರಿಗೆ ಏನೂ ಬದಲಾಗದು.

ನಾನು ಕರೆದರೆ ತಾತ ಬರಲೊಲ್ಲರು. ಕೊನೆಗೆ ಆ ಹುಡುಗಿಯೇ ಅವರ ಮನೆಗೆ ಹೋದಳು. "ತಾತ, ನಂಗೀಗ ಕೊನೇವರ್ಗೂ ಕಾಣ್ತದೆ. ನೀವೇ ಬಂದ್ ನೋಡಿ" ಎಂದಳಂತೆ.

ಬಂದರು. ಬಂದವರು ತಮ್ಮ ಯೂಸರ್ ತೆರೆಯಲು ಬಿಡಲಿಲ್ಲ. "ಮೊದ್ಲು ಮಗೀದು ತೆಗಿ" ಎಂದರು. ಹುಡುಗಿ ತನ್ನ ಯೂಸರ್ ತೆರೆದು, ಒಂದು ಅರ್ಜಿಯ ಪುಟವನ್ನು ಕೆಳಗಿನವರೆಗೆ ಎಳೆದು, ತುದಿಯ ಬಟನ್ ತೋರಿಸಿದಳು. ತಾತ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ತಮ್ಮದನ್ನು ತೆರೆಸಿ ಕಟ್ಟೆಯ ಮಟ್ಟ ಓದಿದರು. ಅದು ಮುಗಿದ ಮೇಲೆ ಮತ್ತೆ ಹುಡುಗಿಯದನ್ನು ತೆರೆಸಿ ನೋಡಿದರು. ಬಟನ್ನು ಇದ್ದಲ್ಲೇ ಇತ್ತು. "ಈಗ ಸರೋಯ್ತು ಬುಡು" ಎಂದರು. ಆ ಮುಖಕ್ಕೆ ಮತ್ತೆ ಕಳೆ ಬಂದಿತ್ತು.

ಅಂದಿನಿಂದ ಅದೇ ಅವರ ಪದ್ಧತಿಯಾಯಿತು. ಹುಡುಗಿಯದು ನೋಡದೆ ತಮ್ಮದು ತೆರೆಯುತ್ತಿರಲಿಲ್ಲ. ಅವಳಿಗೆ ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ ಅವಳ ಜಾಗದಲ್ಲಿ ಯಾರು ಓದುತ್ತಿದ್ದರೋ ಅವರದು. ಹುಡುಗರು "ತಾತ, ಇನ್‌ಸ್ಪೆಕ್ಷನ್ ಆಯ್ತಾ?" ಎಂದು ಕಿಚಾಯಿಸುತ್ತಿದ್ದರು. "ಆಯ್ತು ಕಣ್ರಲಾ, ಓದ್ಕಳಿ" ಎಂದು ಜಗಲಿಗೆ ಹೋಗುತ್ತಿದ್ದರು. ನನಗೆ ಅವರ ಮೇಲೆ ಎಷ್ಟು ಪ್ರೀತಿಯಿತ್ತೆಂದು ಅವರಿಗೆ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಪೆಚ್ಚಾಗಿ ನಗುತ್ತಿದ್ದರೇನೋ...

ಹೋದ ಬೇಸಿಗೆಯಲ್ಲಿ ತಾತ ತೀರಿಕೊಂಡರು. ಗ್ರಂಥಾಲಯಕ್ಕೆ ಈಗ ಹೊಸ ಕಂಪ್ಯೂಟರುಗಳು ಬಂದಿವೆ.

ಕೀಬೋರ್ಡ್ ತಟ್ಟಿ ಕುಳಿತಿದ್ದ ಆ ಬೆಳಿಗ್ಗೆಯೇ ಕಿಟಕಿಯ ಹತ್ತಿರ ಸೈಕಲ್ ನಿಂತಿತು. ಕೊನೆ ಬಯಲಿನಲ್ಲಿ ಅರ್ಧ ಎಕರೆ ಗದ್ದೆಯಿರುವ ರೈತ. "ಮೇಡಮ್ಮ, ಕಟ್ಟೇಲಿ ಎಷ್ಟದೆ ಅಂತ ವಸಿ ತಾತುನ್ನ..." ಎಂದವನು ಅಲ್ಲೇ ತಡೆದು ತಲೆ ತಗ್ಗಿಸಿದ. ನಾನು ಹೊಸ ಕಂಪ್ಯೂಟರಿನಲ್ಲಿ ನೋಡಿ ಮಟ್ಟ ಹೇಳಿದೆ. ಒಳಹರಿವೂ ಹೇಳಿದೆ, ಹೊರಹರಿವೂ ಹೇಳಿದೆ.

"ಅಂಗಾರೆ ಒಟ್ಲು ಬುಡ್ಬೋದಾ?" ಎಂದು ಕೇಳಿದ.

ಪರದೆಯನ್ನು ಮತ್ತೊಮ್ಮೆ ನೋಡಿದೆ. ಅಂಕಿಗಳೆಲ್ಲ ಚೆನ್ನಾಗಿಯೇ ಕಾಣುತ್ತಿದ್ದವು. ತಾತ ಇಲ್ಲ ಎನ್ನುವುದು ನನಗೆ ನಿಜವಾಗಿ ಅರಿವಾದದ್ದು ಆಗಲೇ. "ನಂಗೊತ್ತಿಲ್ಲ ಕಣಪ್ಪ" ಎಂದೆ. ಅವನು ಕಿಟಕಿಯ ಕಂಬಿ ಬಿಟ್ಟು, ಸೈಕಲ್ ಹತ್ತಿ ಹೋದ.