ಬಾವುಟದ ಹೊತ್ತಿಗೆ ಸೀದ ಹಾಲನ್ನ

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಸಣ್ಣವರಿಗೂ ದೊಡ್ಡವರಿಗೂ ಅವರು ಸೌಟಣ್ಣ. ಮೊಳಕೈವರೆಗೆ ಮಡಚಿದ ತೋಳು, ಹೆಗಲ ಮೇಲೊಂದು ಒರಟು ಬಟ್ಟೆ, ಮಾತಿಗೆ ಮೊದಲೇ ಬರುವ ನಗು. ಹಾಸ್ಟೆಲಿನ ಅಡುಗೆಮನೆಯಲ್ಲಿ ದುಡಿದು ಬದುಕಿದವರು. ಆದರೆ ಬೀದಿಗೆ ಅವರು ಬೇಕಾಗುತ್ತಿದ್ದುದು ವರ್ಷಕ್ಕೆ ಎರಡೇ ದಿನ. ಒಂದು ದೇವರ ಹಬ್ಬ, ಇನ್ನೊಂದು ದೇಶದ ಹಬ್ಬ. ಆ ಎರಡು ದಿನ ಬೀದಿಯವರೆಲ್ಲ ಪ್ರಾರ್ಥನಾ ಮಂದಿರದ ಹಿಂದಿನ ಅಂಗಳದಲ್ಲಿ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಹಿರಿಯರ ಕಾಲದಿಂದ ನಡೆದುಬಂದದ್ದು. ಅನ್ನ, ಬೇಳೆ, ಒಂದು ಪಲ್ಯ, ಕೊನೆಗೆ ಹಾಲನ್ನ. ಹಾಲು, ಅಕ್ಕಿ, ಸಕ್ಕರೆ ಬಿಟ್ಟರೆ ಅದರಲ್ಲಿ ಇನ್ನೇನೂ ಇರುತ್ತಿರಲಿಲ್ಲ. ಆದರೂ ಮನೆಯಲ್ಲಿ ಮಾಡಿದರೆ ಯಾರಿಗೂ ಹಾಗೆ ಬರುತ್ತಿರಲಿಲ್ಲ.

ಹಬ್ಬದ ಅಡುಗೆಗೊಂದು ನೇಮವಿತ್ತು. ದೇವರ ಹಬ್ಬದಲ್ಲಿ ಪ್ರಾರ್ಥನೆ ಮುಗಿಯುವವರೆಗೆ, ದೇಶದ ಹಬ್ಬದಲ್ಲಿ ಬಾವುಟ ಏರಿ ರಾಷ್ಟ್ರಗೀತೆ ಮುಗಿಯುವವರೆಗೆ, ಯಾರೂ ಒಂದು ಅಗುಳನ್ನೂ ಬಾಯಿಗೆ ಹಾಕಬಾರದು. ಅಡುಗೆ ಮಾಡುವವರೂ ರುಚಿ ನೋಡುವಂತಿಲ್ಲ. ಹಾಗಾಗಿ ಸೌಟಣ್ಣ ಮೂಗನ್ನು ನಂಬಿಯೇ ಅಡುಗೆ ಮಾಡುತ್ತಿದ್ದರು. ಉಪ್ಪು ಕೈಯಳತೆ. ಉಳಿದದ್ದೆಲ್ಲ ವಾಸನೆ. ಕಣ್ಣು ಮುಚ್ಚಿ ಹಬೆಯ ಮೇಲೆ ಬಾಗಿ ಒಮ್ಮೆ ಉಸಿರೆಳೆದುಕೊಂಡರೆ ಸಾಕು, ಬೇಳೆ ಇನ್ನೊಂದು ಕುದಿ ಕೇಳುತ್ತಿದೆಯೋ, ಹಾಲಿನ ಕೆಳಗಿನ ಸೌದೆ ಎಳೆಯಬೇಕೋ ಅವರಿಗೆ ತಿಳಿಯುತ್ತಿತ್ತು.

ತರಕಾರಿ ಹೆಚ್ಚುವ ನೆಪದಲ್ಲಿ ಅಲ್ಲೇ ಕೂರುತ್ತಿದ್ದ ದರ್ಜಿ ಅವರನ್ನು ಕೆಣಕುವುದುಂಟು. "ಸೌಟಣ್ಣ, ಮೂಗಲ್ಲೇ ಅರ್ಧ ಪಾತ್ರೆ ಖಾಲಿ ಮಾಡಿದ್ರೆ ನಮಗೇನು ಉಳಿಯುತ್ತೆ?"

"ನಿನಗೆ ಅಂತ ತಳದ್ದು ಎತ್ತಿಟ್ಟಿರ್ತೀನಿ ಬಿಡಪ್ಪ. ನನ್ನ ಅಂಗಿಗೆ ಕೊಟ್ಟ ಬಟ್ಟೇಲಿ ನೀನು ನನಗೆ ಉಳಿಸಿಕೊಟ್ಟಷ್ಟು."

ಜೊತೆಗೆ ತರಕಾರಿ ಹೆಚ್ಚುತ್ತಿದ್ದ ಹೆಂಗಸರೆಲ್ಲ ನಗುವರು. ದರ್ಜಿ ಬೀದಿಯ ಕೆಳಗಿನ ತುದಿಯವನು. ನಗುವವರಲ್ಲಿ ಅರ್ಧ ಮೇಲಿನ ತುದಿಯವರು. ಚರಂಡಿಯ ನೀರು ಯಾವ ಕಡೆ ಹರಿಯಬೇಕು ಎಂಬ ಜಗಳ ಹಳೆಯದಾಗಿ, ಎರಡು ತುದಿಯವರು ಒಬ್ಬರ ಮನೆಗೊಬ್ಬರು ಹೋಗುವುದನ್ನೇ ಬಿಟ್ಟಿದ್ದರು. ಸಾವಿನ ಮನೆಗೂ ಹೊರಗೆ ನಿಂತು ಹೋಗುವಷ್ಟು. ಅವರು ಪಕ್ಕಪಕ್ಕ ಕೂರುತ್ತಿದ್ದುದು ಈ ಎರಡು ಊಟಗಳಿಗೆ ಮಾತ್ರ. ಹಬ್ಬದ ಸಮಿತಿಯ ಅಧ್ಯಕ್ಷರಾದ ಔಷಧಿ ಅಂಗಡಿಯವರಿಗೆ ಅದೂ ಬೇಡವಾಗಿತ್ತು. ಸೌದೆ, ಹೊಗೆ, ಪಾತ್ರೆ ತೊಳೆಯುವ ರಗಳೆ ಯಾಕೆ, ಹೊರಗಿನಿಂದ ಪೊಟ್ಟಣದ ಊಟ ತರಿಸಿ ಹಂಚಿದರಾಯಿತು ಎಂದು ಪ್ರತಿ ಸಭೆಯಲ್ಲೂ ಹೇಳುವರು. "ಸೌಟಣ್ಣ ಇರೋವರೆಗೂ ಆ ಮಾತು ಬೇಡ" ಎಂದು ಎರಡು ತುದಿಯವರೂ ಅವರ ಬಾಯಿ ಮುಚ್ಚಿಸುವರು.

ಅಂಥ ಸೌಟಣ್ಣನಿಗೆ ಒಂದು ಚಳಿಗಾಲದಲ್ಲಿ ಜ್ವರ ಬಂತು. ಮಲಗಿದವರು ಎದ್ದರು. ಮೂಗು ಏಳಲಿಲ್ಲ.

ಮೊದಲು ನೆಗಡಿ ಇರಬೇಕು ಅಂದುಕೊಂಡರು. ಸಾಬೂನು ಮೂಸಿದರು, ಸೀಮೆಎಣ್ಣೆಯ ಡಬ್ಬಿ ಮೂಸಿದರು. ಏನೂ ಇಲ್ಲ. ಉಂಡರೆ ಉಪ್ಪು, ಹುಳಿ, ಸಿಹಿ ಅಷ್ಟೇ ನಾಲಿಗೆಗೆ ತಿಳಿಯುತ್ತಿತ್ತು, ಅದರ ಮೇಲಿನದ್ದೆಲ್ಲ ಅಳಿಸಿಹೋಗಿತ್ತು. ಯಾರಿಗೂ ಹೇಳಲಿಲ್ಲ. ವಯಸ್ಸಾಯಿತು ಎಂದು ನೆಪ ಹೇಳಿ ಹಾಸ್ಟೆಲಿನ ಕೆಲಸ ಬಿಟ್ಟರು. ಅವರ ಹೆಂಡತಿಗೆ, ನಾವೆಲ್ಲ ಅತ್ತಿಗೆ ಎನ್ನುತ್ತಿದ್ದೆವು, ತಿಳಿದದ್ದು ಒಂದು ಮಧ್ಯಾಹ್ನ. ತರಕಾರಿ ತಂದು ಬಾಗಿಲು ತೆಗೆದರೆ ಮನೆ ತುಂಬ ಗ್ಯಾಸಿನ ವಾಸನೆ. ಒಲೆಯ ತಿರುಪು ಅರ್ಧ ತೆರೆದಿದೆ, ಗಂಡ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದಾರೆ. ಅತ್ತಿಗೆ ತಿರುಪು ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದು ಬಂದು ಎದುರಿಗೆ ಕೂತರು.

"ಯಾವಾಗಿಂದ?"

"ಜ್ವರ ಬಂದಾಗಿಂದ."

"ನನಗಾದರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬೇರೆಯವರಿಗೆ ಹೇಳು ಅಂತೀಯ. ಅವರಿಗೆ ಹೇಳಿದ್ರೆ ಸೌಟು ಬಿಡಿಸ್ತಾರೆ. ಮಾರನೇ ಹಬ್ಬಕ್ಕೆ ಪೊಟ್ಟಣ. ಆಮೇಲೆ ಈ ಬೀದಿಯವರು ಜೊತೆಗೆ ಕೂತು ಉಣ್ಣೋದು ಯಾವಾಗ? ಹೇಳು."

ಅತ್ತಿಗೆ ಅವರ ಕೈಯಲ್ಲಿದ್ದ ಪೇಪರು ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, "ನನ್ನ ಮೂಗು ಇದೆಯಲ್ಲ" ಅಂದರು.

ಹೀಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ಹಬ್ಬದ ದಿನ ಅತ್ತಿಗೆ ಒಲೆಯ ಪಕ್ಕದಲ್ಲೇ ಕೂರುವುದು. ಸೌಟಣ್ಣ ಎಂದಿನಂತೆ ಕಣ್ಣು ಮುಚ್ಚಿ ಹಬೆಯ ಮೇಲೆ ಬಾಗುವುದು. ಅಡುಗೆ ಹದಕ್ಕೆ ಬಂದಿದ್ದರೆ ಅತ್ತಿಗೆ ಒಮ್ಮೆ ಕೆಮ್ಮುವುದು. ತಳ ಹಿಡಿಯುವ ಸೂಚನೆ ಇದ್ದರೆ ಬಿಡದೆ ಕೆಮ್ಮುವುದು.

ದೇವರ ಹಬ್ಬ ಹಾಗೆಯೇ ದಾಟಿತು. ಹಾಲನ್ನಕ್ಕೆ ಮೂರನೆಯ ಸಲ ತಟ್ಟೆ ಒಡ್ಡಿದವರಿದ್ದರು. ಮೇಲಿನ ತುದಿಯ ಅಜ್ಜಿಯೊಬ್ಬರು ಕೆಳಗಿನ ತುದಿಯವರ ತಟ್ಟೆಗೆ ತಮ್ಮ ಪಾಲಿನದ್ದನ್ನು ಸುರಿದರು. ಔಷಧಿ ಅಂಗಡಿಯವರು ಅತ್ತಿಗೆಯನ್ನು ಕರೆದು, "ಏನಮ್ಮ ಅಷ್ಟು ಕೆಮ್ಮು? ನಾಳೆ ಅಂಗಡಿಗೆ ಬನ್ನಿ, ಒಳ್ಳೆ ಸಿರಪ್ಪು ಕೊಡ್ತೀನಿ" ಅಂದರು. ಮನೆಗೆ ಬಂದು ಇಬ್ಬರೂ ಬಾಗಿಲು ಹಾಕಿಕೊಂಡು ನಕ್ಕರಂತೆ. ಮದುವೆಯಾದ ಹೊಸದರಲ್ಲಿ ನಕ್ಕ ಹಾಗೆ ಎಂದು ಅತ್ತಿಗೆ ನನಗೆ ಹೇಳಿದ್ದು ಬಹಳ ಕಾಲದ ಮೇಲೆ. ಆ ನಗುವೇ ಕೊನೆಯದು ಎಂದೂ ಅವತ್ತೇ ಹೇಳಿದರು.

ದೇಶದ ಹಬ್ಬದಲ್ಲಿ ಬಾವುಟ ಏರಿಸಲು ನಮ್ಮ ಬೀದಿ ದೊಡ್ಡ ಮನುಷ್ಯರನ್ನು ಕರೆಯುವುದಿಲ್ಲ. ಪ್ರತಿ ವರ್ಷ ಬೀದಿಯವರೊಬ್ಬರೇ ಹಗ್ಗ ಎಳೆಯಬೇಕು. ಆ ಸಲ ಬೆಳಿಗ್ಗೆ ಎಲ್ಲರೂ ಸೇರಿ ಅತ್ತಿಗೆಯ ಹೆಸರು ಹೇಳಿದರು. ಸೌಟಣ್ಣನಿಗೆ ಮರ್ಯಾದೆ ಮಾಡಬೇಕು, ಅವರನ್ನು ಕರೆದರೆ ಒಲೆ ಬಿಟ್ಟು ಬರುವುದಿಲ್ಲ, ಅದಕ್ಕೆ ಅತ್ತಿಗೆ. ಮೇಲಿನವರು ಕೆಳಗಿನವರು ಒಂದೇ ಬಾಯಲ್ಲಿ ಒಪ್ಪಿದ ಮಾತು ಅದೊಂದೇ ಇರಬೇಕು.

ಅತ್ತಿಗೆ ಕೈ ಮುಗಿದರು. "ನನಗೆ ಬೇಡಿ. ನಾಲ್ಕು ಜನರ ಮುಂದೆ ನಿಲ್ಲೋದು ನನಗಾಗಲ್ಲ. ಇಲ್ಲಿ ಒಲೆ ಹತ್ರ ಇರ್ತೀನಿ."

"ಒಲೆ ನೋಡೋಕೆ ಸೌಟಣ್ಣ ಇದ್ದಾನಲ್ಲ ಅತ್ತಿಗೆ" ಎಂದ ದರ್ಜಿ. "ಬೀದಿಯೆಲ್ಲ ಕರೀತಿದೆ. ಬರಲ್ಲ ಅಂದ್ರೆ ನಮ್ಮ ಮುಖಕ್ಕೆ ಬಾಗಿಲು ಹಾಕಿದ ಹಾಗೆ."

ಕಾರಣ ಹೇಳುವಂತಿರಲಿಲ್ಲ. ಅತ್ತಿಗೆ ಹೋಗುವ ಮೊದಲು ಹಾಲಿನ ಪಾತ್ರೆಯ ಹತ್ತಿರ ಬಾಗಿ ಉಸಿರೆಳೆದುಕೊಂಡರು. "ಸರಿಯಾಗಿದೆ. ಸೌದೆ ಎಳೆದುಬಿಡಿ. ಕೆಂಡ ಸಾಕು. ಬಾವುಟ ಏರಿಸಿ ಓಡಿ ಬರ್ತೀನಿ." ಸೌಟಣ್ಣ ಸೌದೆ ಎಳೆದರು. ಕೆಂಡದ ಮೇಲೆ ಆ ಪಾತ್ರೆ ಒಂದು ಬಾವುಟ, ಒಂದು ಹಾಡು ಮುಗಿಯುವಷ್ಟು ಹೊತ್ತು ತಡೆಯುತ್ತಿತ್ತು. ಅದರಲ್ಲಿ ಅವರ ಲೆಕ್ಕ ತಪ್ಪಲಿಲ್ಲ.

ಆದರೆ ಔಷಧಿ ಅಂಗಡಿಯವರು ಭಾಷಣಕ್ಕೆ ನಿಂತರು. ಎಂದೂ ಎರಡು ಮಾತಿಗೆ ಮುಗಿಸುವವರು ಅಂದು ಸೌಟಣ್ಣನ ಗುಣಗಾನ ಮಾಡಿದರು. ನಾಲಿಗೆಗೆ ಒಂದು ಹನಿ ಸೋಕಿಸದೆ ಬೀದಿಗೆಲ್ಲ ಬಡಿಸಿದವರು, ಅವರ ಮೂಗು ನಮ್ಮ ಬೀದಿಯ ಆಸ್ತಿ, ಎಂದು ಏನೇನೋ ಹೇಳಿದರು. ಜನ ಚಪ್ಪಾಳೆ ತಟ್ಟಿದಷ್ಟೂ ಅವರಿಗೆ ಮಾತು ಬಂತು. ಹಗ್ಗ ಹಿಡಿದು ನಿಂತ ಅತ್ತಿಗೆ ಮಂದಿರದ ಪಕ್ಕದ ಓಣಿಯಿಂದ ಹಿಂದಿನ ಅಂಗಳ ನೋಡುತ್ತಿದ್ದರು. ಅಲ್ಲಿ ಗಂಡ ತಮ್ಮ ಹೊಗಳಿಕೆ ಕೇಳುತ್ತ, ತಲೆ ತಗ್ಗಿಸಿ, ಹೆಗಲ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು.

ಬಾವುಟ ಏರಿತು. ಹೂವು ಉದುರಿತು. ರಾಷ್ಟ್ರಗೀತೆ ಶುರುವಾಯಿತು, ಎಲ್ಲರೂ ನೆಟ್ಟಗೆ ನಿಂತರು.

ಆಗ ಬಂತು ವಾಸನೆ. ಮೊದಲು ತೆಳ್ಳಗೆ, ಮತ್ತೆ ದಟ್ಟವಾಗಿ. ಸೀದ ಹಾಲಿನ ವಾಸನೆಗೆ ಬೇರೆ ಹೋಲಿಕೆ ಇಲ್ಲ. ಹಾಡುತ್ತಿದ್ದವರ ದನಿ ಒಂದು ಗಳಿಗೆ ಕುಗ್ಗಿತು, ಮತ್ತೆ ಎದ್ದಿತು. ಹಾಡು ಮುಗಿಯುವವರೆಗೆ ಯಾರೂ ಅಲ್ಲಾಡಬಾರದು. ಯಾರೂ ಅಲ್ಲಾಡಲಿಲ್ಲ. ಹಗ್ಗ ಹಿಡಿದ ಕೈಗಳನ್ನು ಎದೆಗೊತ್ತಿಕೊಂಡು ಅತ್ತಿಗೆ ಕೆಮ್ಮಿದರು. ಬಿಡದೆ ಕೆಮ್ಮಿದರು. ಇಡೀ ಬೀದಿಯ ಹಾಡಿನ ಮೇಲೆ ಆ ಕೆಮ್ಮು ಓಣಿ ದಾಟುವುದಾದರೂ ಹೇಗೆ? ಅಲ್ಲಿ, ಹೊಗೆಯಾಡುವ ಪಾತ್ರೆಯ ಪಕ್ಕದಲ್ಲಿ, ಸೌಟಣ್ಣ ಕಾಲು ಜೋಡಿಸಿ ನಿಂತಿದ್ದರು. ದೃಷ್ಟಿ ಬಾವುಟದ ಮೇಲೆ. ತಮ್ಮ ಹೆಂಡತಿ ಏರಿಸಿದ ಬಾವುಟ. ಮುಖ ತುಂಬ ಹೆಮ್ಮೆ. ಬಾಯಿಬಿಟ್ಟು ಹಾಡುತ್ತಿದ್ದರು.

ಅದನ್ನು ಕಂಡವರಿಗೆಲ್ಲ ಒಮ್ಮೆಗೇ ಅರ್ಥವಾಯಿತು. ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಮಾತಾಡಿಕೊಳ್ಳಲಿಲ್ಲ, ಆದರೂ ಎಲ್ಲರೂ ಒಂದನ್ನೇ ನಿಶ್ಚಯಿಸಿದರು.

ಸಾಲು ಕೂತಿತು. ಅನ್ನ ಬೇಳೆ ಮುಗಿದು ಹಾಲನ್ನ ಬಂತು. ಸೌಟಣ್ಣ ತಾವೇ ಬಡಿಸಿದರು.

"ಆಹಾ, ಎಂದಿನ ಹಾಗೇ" ಎಂದರು ಮೇಲಿನ ತುದಿಯವರು.

"ಎಂದಿಗಿಂತ ಒಂದು ಕೈ ಮೇಲೆ" ಎಂದರು ಕೆಳಗಿನ ತುದಿಯವರು.

ಪುಟ್ಟ ಹುಡುಗಿಯೊಬ್ಬಳು ಬಾಯಿಗೆ ಹಾಕಿಕೊಂಡದ್ದನ್ನು ತಟ್ಟೆಗೆ ಉಗಿದಳು. ತಾಯಿ ಅವಳ ತೊಡೆ ಚಿವುಟಿ, ಆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಅದನ್ನೂ ಉಂಡಳು. "ಬಿಸಿ ಇತ್ತು ಅಣ್ಣ, ಬಾಯಿ ಸುಟ್ಕೊಂಡಳು." ಸೌಟಣ್ಣ ನಕ್ಕು ಮುಂದೆ ಹೋದರು. ದರ್ಜಿಯ ಮುಂದೆ ಎರಡನೆಯ ಸಲ ಸೌಟು ಎತ್ತಿದರು.

"ಸಾಕಣ್ಣ. ಹೊಟ್ಟೇಲಿ ಜಾಗ ಇಲ್ಲ."

"ನಿನಗಾ?"

"ಬೆಳಿಗ್ಗೆ ತಿಂದದ್ದು ಜಾಸ್ತಿಯಾಯ್ತು."

ನೇಮದ ದಿನ ಬೆಳಿಗ್ಗೆ ಯಾರೂ ತಿನ್ನುವುದಿಲ್ಲ. ಸೌಟಣ್ಣ ಅಲ್ಲೇ ನಿಂತರು. ಸಾಲಿನುದ್ದಕ್ಕೂ ನೋಡಿದರು. ಎರಡನೆಯ ಸಲ ಒಂದು ತಟ್ಟೆಯೂ ಮೇಲೇಳಲಿಲ್ಲ. ಎಲ್ಲರೂ ತಲೆ ತಗ್ಗಿಸಿಕೊಂಡು, ಪರೀಕ್ಷೆಗೆ ಕೂತವರ ಹಾಗೆ, ತಟ್ಟೆಯಲ್ಲಿದ್ದುದನ್ನು ಮುಗಿಸುತ್ತಿದ್ದರು. ಅವರು ಪಾತ್ರೆಯ ಹತ್ತಿರ ಹೋಗಿ ಸೌಟನ್ನು ತಳಕ್ಕೆ ಒತ್ತಿ ಕೆರೆದರು. ಸೌಟಿಗೆ ಕಪ್ಪು ಹಕ್ಕಳೆ ಬಂತು. ಅದನ್ನು ಮೂಗಿನ ಹತ್ತಿರ ತಂದರು. ಮತ್ತೆ ಕೆಳಗಿಟ್ಟರು.

ಜನ ಹೋದ ಮೇಲೆ ಪಾತ್ರೆ ಉಜ್ಜುತ್ತ ಹೆಂಡತಿಯನ್ನು ಕೇಳಿದರು. "ನಿನಗೆ ಯಾವಾಗ ಗೊತ್ತಾಯ್ತು?"

"ಹಗ್ಗ ಹಿಡ್ಕೊಂಡಿದ್ದಾಗ."

"ಬೇರೆಯವರಿಗೆ?"

ಅತ್ತಿಗೆ ಬೂದಿ ಎತ್ತಿ ಪಾತ್ರೆಗೆ ಹಾಕಿದರು. "ಎಲ್ಲರಿಗೂ."

"ಎಲ್ಲರಿಗೂ" ಎಂದರು ಸೌಟಣ್ಣ. "ಒಬ್ಬರಾದರೂ ಬೈಯಬಾರದಿತ್ತಾ."

ಮಾರನೆಯ ದಿನ ಅವರೇ ಔಷಧಿ ಅಂಗಡಿಗೆ ಹೋದರು. ಇದ್ದದ್ದನ್ನು ಹೇಳಿ, ಇನ್ನು ಮುಂದೆ ಯಾರಾದರೂ ಒಬ್ಬರು ಒಲೆ ಹತ್ತಿರ ಕೂತು ವಾಸನೆ ಹೇಳಲಿ, ಕೈಕೆಲಸ ತಾನು ಮಾಡುತ್ತೇನೆ ಎಂದು ಕೇಳುವುದು ಅವರ ಮನಸ್ಸಿನಲ್ಲಿತ್ತು. ಮುಚ್ಚಿಟ್ಟದ್ದಕ್ಕೆ ಎಲ್ಲರ ಮುಂದೆ ಕ್ಷಮೆ ಕೇಳಲೂ ಸಿದ್ಧರಿದ್ದರು.

"ನಿನ್ನೆ ಹಾಲನ್ನ ಸೀದಿತ್ತು. ನನ್ನ ಮೂಗು..."

"ಛೇ ಛೇ, ಯಾರಂದ್ರು ಹಾಗೆ?" ಔಷಧಿ ಅಂಗಡಿಯವರು ಎದ್ದು ಬಂದು ಅವರ ಕೈ ಹಿಡಿದುಕೊಂಡರು. "ಅಮೃತ ಇದ್ದ ಹಾಗಿತ್ತು ಅಣ್ಣ. ನಮಗಂತೂ ಏನೂ ಗೊತ್ತಾಗಲಿಲ್ಲ."

"ಇಲ್ಲಪ್ಪ, ಕೇಳು. ಯಾರನ್ನಾದರೂ ಪಕ್ಕದಲ್ಲಿ..."

"ನೀವು ಏನೂ ಹೇಳ್ಬೇಡಿ. ಇಷ್ಟು ವರ್ಷ ಬೆಂಕಿ ಮುಂದೆ ಬೆಂದಿದ್ದೀರಿ. ಇನ್ನು ನೀವು ಕೂತು ಉಣ್ಣಬೇಕು, ನಾವು ಬಡಿಸಬೇಕು."

ಬೀದಿಯಲ್ಲಿ ಯಾರನ್ನು ಕೇಳಿದರೂ ಅದೇ ಮಾತು, ಅದೇ ನಗು. ದರ್ಜಿಯೂ ಕೆಣಕುವುದನ್ನು ನಿಲ್ಲಿಸಿ ಬಹುವಚನದಲ್ಲಿ ಮಾತಾಡತೊಡಗಿದ. ಸೌಟಣ್ಣ ತಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆಂದರೂ ಅದನ್ನು ಕೇಳಿಸಿಕೊಳ್ಳುವವರೇ ಸಿಗಲಿಲ್ಲ. ತಪ್ಪಾಗಿದೆ ಎಂದೇ ಯಾರೂ ಒಪ್ಪದೆ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಎಂದು ಕೇಳುವುದಕ್ಕೂ ದಾರಿ ಇರಲಿಲ್ಲ. ಅವರು ದಿನಾ ಪ್ರಾರ್ಥನೆಗೆ ಬರುತ್ತಿದ್ದರು, ಹಿಂದೆ ಕೂತು ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದರು. ಏನು ಬೇಡುತ್ತಿದ್ದರೋ ದೇವರಿಗೇ ಗೊತ್ತು. ಕೊಟ್ಟದ್ದಂತೂ ಕಾಣಲಿಲ್ಲ.

ಮುಂದಿನ ದೇವರ ಹಬ್ಬಕ್ಕೆ ಒಲೆಯ ಕಲ್ಲುಗಳನ್ನು ಗೋಡೆಗೆ ಒರಗಿಸಿದ್ದರು. ಪ್ರಾರ್ಥನೆ ಮುಗಿದಾಗ ಬಾಗಿಲಲ್ಲಿ ಪೊಟ್ಟಣ ಕೊಟ್ಟರು. ಮೊದಲ ಪೊಟ್ಟಣ ಸೌಟಣ್ಣನ ಕೈಗೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಮೇಲಿನವರು ಮೇಲಕ್ಕೆ ಹೋದರು, ಕೆಳಗಿನವರು ಕೆಳಕ್ಕೆ ಹೋದರು. ಒಂದೊಂದಾಗಿ ಬಾಗಿಲು ಹಾಕಿದ ಸದ್ದು ಬೀದಿಯುದ್ದಕ್ಕೂ ಕೇಳಿಸಿತು.

ಮನೆಯಲ್ಲಿ ಗಂಡ ಹೆಂಡತಿ ಎದುರು ಬದುರು ಕೂತರು. ಅತ್ತಿಗೆ ಪೊಟ್ಟಣ ಬಿಚ್ಚಿದರು. ತಣ್ಣಗಾದ ಅನ್ನ, ಮುಚ್ಚಳಕ್ಕೆ ಅಂಟಿದ ಸಿಹಿ.

"ವಾಸನೆ ಹೇಗಿದೆ ಹೇಳು" ಎಂದರು ಸೌಟಣ್ಣ.

ಅತ್ತಿಗೆ ಬಾಗಿ ಮೂಸಿದರು. ಗಂಡನ ಮುಖ ನೋಡಿದರು.

"ಘಮಘಮ ಅಂತಿದೆ" ಎಂದರು.

ಸೌಟಣ್ಣ ಆ ದನಿಯನ್ನು ಊಟದ ಸಾಲಿನಲ್ಲಿ ಕೇಳಿದ್ದರು. ತಮ್ಮ ಪೊಟ್ಟಣವನ್ನು ಬಿಚ್ಚದೆ ಹಾಗೆಯೇ ಪಕ್ಕಕ್ಕೆ ಸರಿಸಿದರು.

"ನೀನೂನಾ" ಎಂದರು.