ಮಾಲೀಕಮ್ಮನ ಹಾಜರಿ

ಬ್ರಷ್ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರಿಗೂ ಅವಳು ಮಾಲೀಕಮ್ಮ. ಮರ್ಯಾದೆಗೆ ಕರೆದದ್ದಲ್ಲ, ಕಾಲೆಳೆಯಲು ಕರೆದದ್ದು. ಕಾರ್ಖಾನೆ ಶುರುವಾದ ಹೊಸದರಲ್ಲಿ ದೊಡ್ಡ ಯಜಮಾನರ ಕೈ ಬರಿದಾಗಿತ್ತು. ಸಂಬಳ ಕೊಡಲಾಗದೆ ಕೆಲಸದವರಿಗೆ ಕಂಪನಿಯ ಷೇರು ಹಂಚಿದ್ದರು. ಯಜಮಾನರ ಕೈಗೆ ನಾಲ್ಕು ಕಾಸು ಬಂದೊಡನೆ ಉಳಿದವರೆಲ್ಲ ಸಿಕ್ಕಿದಷ್ಟಕ್ಕೆ ಅವರಿಗೇ ಮಾರಿಕೊಂಡರು. ಇವಳು ಮಾತ್ರ ಬಟ್ಟೆಯ ಗಂಟಿನಡಿ ಇಟ್ಟು ಮರೆತಳು. ಆಮೇಲೆ ಕಾರ್ಖಾನೆ ಚೇತರಿಸಿಕೊಂಡಿತು. ವರ್ಷಕ್ಕೊಮ್ಮೆ ಲಾಭದಲ್ಲಿ ಅವಳ ಪಾಲು, ಅವರು ಡಿವಿಡೆಂಡ್ ಅನ್ನುವುದು, ಬರತೊಡಗಿತು.

“ಏನ್ ಮಾಲೀಕಮ್ಮ, ನಾಳೆ ನಮಗೆಲ್ಲ ರಜೆ ಕೊಡ್ತೀರಾ?” ಎಂದು ಪಕ್ಕದ ಬೆಂಚಿನವಳು ಕೆಣಕುವಳು.

“ನಾನೇ ರಜೆ ಇಲ್ದೆ ಸಾಯ್ತಿದ್ದೀನಿ, ನಿನಗೆಲ್ಲಿಂದ ತರ್ಲಿ ತಾಯಿ,” ಎಂದು ಇವಳು ಹಿಡಿಕೆಯ ತೂತಿಗೆ ನಾರು ತುರುಕುತ್ತಲೇ ಅನ್ನುವಳು.

ನಿಂತೂ ನಿಂತೂ ಮಂಡಿ ಸವೆಯಿತು. ಬೆರಳ ತುದಿಗೆ ಬಿಸಿ ತಂಪು ತಿಳಿಯದಾಯಿತು. ಊರಿನ ಆ ತುದಿಯಲ್ಲಿ ತಂಗಿಯ ಮನೆ. ಅವಳೂ ಒಂಟಿ ಜೀವ. ಕಿಟಕಿಯ ಪಕ್ಕ ಅಕ್ಕನಿಗೆಂದೇ ಮಂಚ ಹಾಕಿ, ಬಾರೇ ಬಾರೇ ಎಂದು ವರ್ಷಗಟ್ಟಲೆ ಜೀವ ತಿಂದಿದ್ದಳು. ಬಿಟ್ಟಿ ಕೂಳಿಗೆ ಇವಳು ಒಪ್ಪುವವಳಲ್ಲ. ಡಿವಿಡೆಂಡ್ ಬಂದದ್ದನ್ನು ತಂಗಿಯ ಕೈಗೆ ಹಾಕಿದರೆ ಯಾರ ಹಂಗೂ ಇಲ್ಲ ಎಂದು ಕೊನೆಗೆ ಮನಸ್ಸು ಗಟ್ಟಿಮಾಡಿ ಕೆಲಸ ಬಿಟ್ಟಳು. ಸಾಮಾನೂ ಕಟ್ಟಿದಳು. ಷೇರುದಾರರ ಸಭೆ ಮುಗಿದರೆ ಹೊರಡುವುದೊಂದೇ ಬಾಕಿ.

ಸಭೆ ಎಂದರೆ ಯಜಮಾನರ ಕೋಣೆಯಲ್ಲಿ ನಾಲ್ಕು ಕುರ್ಚಿ. ದೊಡ್ಡ ಯಜಮಾನರು ತೀರಿಹೋಗಿ ಈಗ ಮಗನ ಕಾರುಬಾರು. ಅವನು, ಅವನ ಹೆಂಡತಿ, ಲೆಕ್ಕಪತ್ರದವನು, ಇವಳು. ಇನ್ನುಮುಂದೆ ಡಿವಿಡೆಂಡ್ ಹಂಚುವುದಿಲ್ಲ ಎಂದ ಮಗ. ಲಾಭ ಬಂದಿಲ್ಲವೇ ಎಂದು ಇವಳು ಕೇಳಿದಳು. ಬಂದಿದೆ, ಚೆನ್ನಾಗಿಯೇ ಬಂದಿದೆ ಎಂದ.

“ನೋಡಮ್ಮ, ಲಾಭಕ್ಕೆ ಕಂಪನಿ ಒಂದ್ಸಲ ತೆರಿಗೆ ಕಟ್ಟುತ್ತೆ. ಉಳಿದದ್ದನ್ನ ಹಂಚಿದ್ರೆ, ಅದು ನಮ್ಮ ಆದಾಯ ಅಂತ ನಾವು ಇನ್ನೊಂದ್ಸಲ ಕಟ್ಟಬೇಕು. ಅದೇ ಸಂಬಳ ಅಂತ ತಗೊಂಡ್ರೆ ಕಂಪನಿಗೆ ಅದು ಖರ್ಚು. ತಗೊಂಡವರು ಕಟ್ಟಿದ್ರೆ ಮುಗೀತು. ಅದಕ್ಕೇ ನಾವಿಬ್ರೂ ಸಂಬಳ ಜಾಸ್ತಿ ಮಾಡ್ಕೊಂಡ್ವಿ.”

ಎರಡನೆಯ ತೆರಿಗೆ ಇವಳಿಗೆ ತಟ್ಟುವಂತೆಯೇ ಇರಲಿಲ್ಲ. ಅವಳ ಆದಾಯ ತೆರಿಗೆ ಕಟ್ಟುವಷ್ಟು ಎತ್ತರಕ್ಕೆ ಏರಿದ್ದೇ ಇಲ್ಲ.

“ನೆಗಡಿ ನಿಮಗೆ, ಮಾತ್ರೆ ನನಗಾ?” ಎಂದಳು.

ಬೇಡವಾದರೆ ಷೇರು ನಮಗೇ ಮಾರಿ ಎಂದಳು ಮಗನ ಹೆಂಡತಿ. ಏನೂ ಹುಟ್ಟದ ಷೇರಿಗೆ ಅವರು ಹೇಳಿದ ಬೆಲೆ ಮಂಚದ ಕಾಲಿಗೂ ಸಾಲದು. ಹೊರಗೆ ಕೊಳ್ಳುವವರೂ ಇಲ್ಲ. ಇವಳಿಗೆ ರೇಗಿತು, ರೇಗಲೂ ಸುಸ್ತಾಯಿತು.

“ಹಂಗಾದ್ರೆ ನಂಗೂ ಒಂದು ಸಂಬಳ ಬರೀರಪ್ಪ. ನಾನೂ ಮಾಲೀಕಳೇ ತಾನೆ?”

ಚುಚ್ಚಲೆಂದು ಆಡಿದ ಮಾತು. ಲೆಕ್ಕದವನು ಅದನ್ನು ನಿಜವೆಂದೇ ತೆಗೆದುಕೊಂಡ. ಆಗಬಹುದು, ದೊಡ್ಡ ಯಜಮಾನರ ಕಾಲದವರು, ಬಾಯಿ ಮುಚ್ಚಿದಂತೆಯೂ ಆಯಿತು ಎಂದು ಯಜಮಾನನ ಕಿವಿಯಲ್ಲಿ ಊದಿದ, ಅವಳಿಗೂ ಕೇಳಿಸಿತು. ಡಿವಿಡೆಂಡ್ ಬರುತ್ತಿದ್ದಷ್ಟೇ ಮೊತ್ತವನ್ನು ತಿಂಗಳು ತಿಂಗಳಿಗೆ ಹಂಚಿ ಕೊಡುವುದೆಂದಾಯಿತು. ಅವಳು ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಲೆಕ್ಕದವನು ಇನ್ನೊಂದು ಮಾತು ಸೇರಿಸಿದ.

“ಆದ್ರೆ ದಿನಾ ಬರಬೇಕಮ್ಮ. ಕೆಲಸ ಮಾಡದವರಿಗೆ ಸಂಬಳ ಬರೆದ್ರೆ ತೆರಿಗೆ ಆಫೀಸಿನವರು ಖರ್ಚು ಅಂತ ಒಪ್ಪಲ್ಲ.”

ತಂಗಿಯ ಮನೆಯಿಂದ ಕಾರ್ಖಾನೆಗೆ ಎರಡು ಬಸ್ಸು. ಬಸ್ಸಿನ ಮೆಟ್ಟಿಲು ಅವಳ ಮಂಡಿಗೆ ಆಗದ ಮಾತು. ಕಟ್ಟಿದ ಗಂಟುಗಳನ್ನು ಕಾರ್ಖಾನೆ ಪಕ್ಕದ ತನ್ನ ಹಳೆಯ ಕೋಣೆಯಲ್ಲೇ ಒಂದೊಂದಾಗಿ ಬಿಚ್ಚಿದಳು.

ಈಗ ಅವಳು ಪ್ಯಾಕಿಂಗ್ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ನಾರು ಉದುರುವ ಬ್ರಷ್‌ಗಳನ್ನು ಆರಿಸಿ ಪಕ್ಕಕ್ಕಿಡುತ್ತಾಳೆ. ಬೆರಳಿಗೆ ತಿಳಿಯುವುದಿಲ್ಲವೆಂದು ಕೆನ್ನೆಗೆ ಉಜ್ಜಿ ನೋಡುತ್ತಾಳೆ. ಮೊದಲ ದಿನ ಹಾಜರಿ ಹಾಕಿ ಬಂದಾಗ ಪಕ್ಕದ ಬೆಂಚಿನವಳು ಯಾವತ್ತಿನಂತೆ ಕೆಣಕಲು ಬಾಯಿ ತೆರೆದು, ಇವಳ ಮುಖ ನೋಡಿ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಟ್ಟಳು.

ಅದೇ ಸಂಜೆ ತಂಗಿ ಫೋನು ಮಾಡಿ, ಮಂಚ ಏನು ಮಾಡಲಿ ಎಂದು ಕೇಳಿದಳು.

“ಒಗೆದ ಬಟ್ಟೆ ಮಡಚಿ ಇಟ್ಕೋ,” ಎಂದಳು ಅಕ್ಕ. ಆಮೇಲೆ, “ಕಿಟಕಿ ಕಡೆ ಮಾತ್ರ ಒಂಚೂರು ಜಾಗ ಬಿಡೇ,” ಎಂದಳು.